ಬೆಂದ ಕೈಗೆ ಹೊಸ ಗ್ಲೌಸು

ಈ ವಾಯ್ಸ್ ಮೆಸೇಜು ಕೇಳಿ ಮುದುಕನಿಗೆ ಅರಳುಮರಳು ಅಂತ ಹಲ್ಲು ಕಿರಿಯುವವರು ಫೋನು ಪಕ್ಕಕ್ಕಿಡಿ. ಬೆಳಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಮರೆತಿರಬಹುದು. ಅತ್ತಿಗೆಯ ಕೈ ಮರೆತಿಲ್ಲ. ಅವರು ದುಡಿಯುತ್ತಿದ್ದ, ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ ಪಂಪು ಓಡಿಸುತ್ತಿದ್ದವನು ನಾನು, ನೀವಲ್ಲ.

ಉಪ್ಪುನೀರು ಸೋಸುವ ಮೆಂಬ್ರೇನ್ ನೋಡಿದ್ದೀರಾ? ತೊಡೆ ಗಾತ್ರದ ಕೊಳವೆ, ಒಳಗೆ ಸುರುಳಿ ಸುತ್ತಿದ ಹಾಳೆ. ಲೋಳೆ, ಸುಣ್ಣ ಕಟ್ಟಿಕೊಂಡರೆ ನೀರು ಇಳಿಯುವುದಿಲ್ಲ. ಹೊರಗೆಳೆದು ಮೊದಲು ಚರ್ಮ ಸುಡುವ ಕಾಸ್ಟಿಕ್ ಸೋಡಾ ನೀರಿನಲ್ಲಿ, ಆಮೇಲೆ ಆಸಿಡ್ಡಿನಲ್ಲಿ ನೆನೆಸಿ ತೊಳೆಯಬೇಕು. ಅತ್ತಿಗೆ ಮತ್ತು ಜೊತೆಯ ಹೆಂಗಸರು ಅದನ್ನು ಬರಿಗೈಯಲ್ಲೇ ಮಾಡುತ್ತಿದ್ದರು. ಒಮ್ಮೆ ಅತ್ತಿಗೆಯ ಬಲಗೈ ಬೆಂದು ಬೊಬ್ಬೆ ಎದ್ದಿತ್ತು. ಆಸ್ಪತ್ರೆಗೆ ಕಳಿಸಿ ಅಂದರೆ ಸೂಪರ್‌ವೈಸರ್, "ಮನೇಲಿ ಒಲೆ ಮುಟ್ಟಿರ್ತೀಯ, ಹೋಗಮ್ಮ" ಅಂದ.

ಅಂಥವನು ಅದೇ ವಾರ ಒಂದು ಬೆಳಗ್ಗೆ ಎಲ್ಲರಿಗೂ ಹೊಸ ಗ್ಲೌಸು ಹಂಚಿದ. ನನಗೆ ಅಲ್ಲೇ ಅನುಮಾನ.

"ಏನ್ ಸಾರ್, ಇವತ್ತು ಪ್ರೀತಿ ಉಕ್ಕಿ ಹರೀತಿದೆ?"

"ನಿನ್ ಪಂಪ್ ನೋಡ್ಕೊಳೋ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಿದಾರೆ."

ಅತ್ತಿಗೆಯ ಬೆಂದ ಕೈಗೂ ಗ್ಲೌಸು ಎಳೆದು ತೊಡಿಸಿ, "ಸ್ವಲ್ಪ ನಗಮ್ಮಾ" ಅಂತ ಫೋಟೋ ಹೊಡೆದ.

"ಫೋಟೋ ಯಾಕಪ್ಪಾ ಇವ್ನಿಗೆ?" ಅತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು.

"ನಾಳೆ ಕೈ ಉದುರಿ ಬಿದ್ರೂ, ಗ್ಲೌಸ್ ಕೊಟ್ಟಿದ್ವಿ ಅಂತ ತೋರ್ಸೋಕೆ ಅತ್ತಿಗೆ. ಇನ್ನೇನು, ನಿಮ್ಮನ್ನ ಸಿನಿಮಾಕ್ಕೆ ಹಾಕ್ತಾನಾ?"

ಇನ್‌ಸ್ಪೆಕ್ಟರ್ ಬಂದ. ಸೂಪರ್‌ವೈಸರ್ ಫೋಟೋ ತೋರಿಸಿ, "ಕೈ ಸುಟ್ಟ ಕೇಸು ಒಂದೂ ಇಲ್ಲ ಸಾರ್" ಅಂದ.

ಅತ್ತಿಗೆ ಗ್ಲೌಸು ಎಳೆದರು. ಅದರ ಜೊತೆ ಚರ್ಮವೂ ಬಂತು. ಆ ಕೈಯನ್ನು ಇನ್‌ಸ್ಪೆಕ್ಟರ್ ಮುಂದೆ ಹಿಡಿದರು.

"ಇದು ಕೇಸಲ್ವಾ ಸಾರ್?"

"ಇವಳೊಬ್ಬಳು ಸಾರ್, ಹೇಳಿದ್ ಮಾತು ಕೇಳಲ್ಲ..."

ಅಷ್ಟರಲ್ಲಿ ಪಕ್ಕದವಳು ಗ್ಲೌಸು ಬಿಚ್ಚಿದಳು. ಅವಳ ಪಕ್ಕದವಳೂ. ಬಿರಿದ ಬೆರಳು, ಉಗುರಿಲ್ಲದ ಬೆರಳು. ಸಾಲಾಗಿ ಚಾಚಿಕೊಂಡು ನಿಂತರು.

"ಈಗ ಹೊಡಿ ಫೋಟೋ!" ಒಬ್ಬಳು ಕೂಗಿದಳು.

ಇನ್‌ಸ್ಪೆಕ್ಟರ್ ವಾಚು ನೋಡಿಕೊಂಡು, "ಆಮೇಲೆ ಮಾತಾಡೋಣ" ಅಂತ ಕಾರಿನ ಕಡೆ ತಿರುಗಿದ. ಹೆಂಗಸರು ಕಾರಿಗೆ ಅಡ್ಡ ನಿಂತರು. ನಾನು ಪಂಪು ನಿಲ್ಲಿಸಿದೆ.

"ಮೊದ್ಲು ಆಸ್ಪತ್ರೆ, ಆಮೇಲೆ ನೀರು" ಅಂದೆ.

ಬೇರೆ ದಾರಿ ಇಲ್ಲದೆ ಅದೇ ಕಾರಿನಲ್ಲಿ ಅತ್ತಿಗೆಯನ್ನು ಕರೆದೊಯ್ದರು. ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಆ ನಗುವಿನ ಫೋಟೋ ಕಾರ್ಖಾನೆಯ ಗೋಡೆಯ ಮೇಲೆ ಈಗಲೂ ಇದೆಯಂತೆ. ಅದನ್ನು ನೋಡುವವರಿಗೆಲ್ಲ ಇದನ್ನು ಕೇಳಿಸಿ. ಫೋನಿಲ್ಲದವರಿಗೆ ನೀವೇ ಬಾಯಿಬಿಟ್ಟು ಹೇಳಿ.