ಮನೆ ನಂಬರು ಒಂಬೈನೂರ ತೊಂಬತ್ತೊಂಬತ್ತು

ಸರ್ವರ್ ಕೋಣೆಗೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳಬೇಕು. ಯಂತ್ರಗಳಿಗೆ ಸೆಕೆ ಆಗಬಾರದೆಂದು ಅಲ್ಲಿ ವರ್ಷವಿಡೀ ತಂಪು ಗಾಳಿ ಬಿಡುತ್ತಾರೆ. ಗೋಡೆಯ ಆಚೆ, ಔಷಧಿ ಕೌಂಟರಿನ ಸಾಲಿನಲ್ಲಿ ನಿಂತವರಿಗೆ ಒಂದು ಫ್ಯಾನು ಇದೆ, ಅದು ತಿರುಗುವುದಿಲ್ಲ. ಎಂಟು ತಿಂಗಳಿನಿಂದ ದಿನವೂ ಆ ಸಾಲನ್ನು ದಾಟಿಕೊಂಡೇ ನಾನು ಸ್ವೆಟರ್ ಹಾಕಿಕೊಳ್ಳಲು ಹೋಗುತ್ತಿದ್ದೆ.

ನನ್ನ ಕೆಲಸವನ್ನು ಹೇಳುವುದು ಸುಲಭ. ಆರೋಗ್ಯ ಇಲಾಖೆಯ ಉಚಿತ ಔಷಧಿ ಕಾರ್ಡುಗಳೆಲ್ಲ ಮೂವತ್ತು ವರ್ಷದ ಹಳೆಯ ಡೇಟಾಬೇಸಿನಲ್ಲಿ ಇದ್ದವು. ಅವನ್ನು ಹೊಸದಕ್ಕೆ ಸಾಗಿಸಬೇಕು. ಬಾಡಿಗೆ ಮನೆ ಬದಲಾಯಿಸಿದಂತೆಯೇ. ಮಂಚದ ಕೆಳಗೆ ತಳ್ಳಿದ್ದೆಲ್ಲ ಆ ದಿನ ಹೊರಗೆ ಬರುತ್ತದೆ. ಶುಕ್ರವಾರ ಸಂಜೆ ಹಳೆಯ ಯಂತ್ರವನ್ನು ನಿಲ್ಲಿಸಿದ್ದೆವು. ಸೋಮವಾರ ಬೆಳಗ್ಗೆ ಎಂಟಕ್ಕೆ ಕೌಂಟರುಗಳು ಹೊಸದರಲ್ಲಿ ತೆರೆಯಬೇಕು.

ಶನಿವಾರ ಹನ್ನೊಂದರ ಹೊತ್ತಿಗೆ ಮಂಚದ ಕೆಳಗಿನಿಂದ ಹೊರಬಂದದ್ದು ಆರುನೂರ ಹನ್ನೊಂದು ಜನ.

ಎರಡು ಲಕ್ಷ ಚಿಲ್ಲರೆ ಕಾರ್ಡುಗಳು ಸಲೀಸಾಗಿ ಹೋಗಿದ್ದವು. ಇವರನ್ನು ಮಾತ್ರ ಹೊಸ ಡೇಟಾಬೇಸು ಬಾಗಿಲಲ್ಲೇ ತಡೆದು ನಿಲ್ಲಿಸಿತ್ತು. ಹೆಸರು ಬೇರೆ, ಬೀದಿ ಬೇರೆ, ಕಾಯಿಲೆ ಬೇರೆ. ಮನೆ ನಂಬರು ಮಾತ್ರ ಎಲ್ಲರದೂ ಒಂದೇ: ಒಂಬೈನೂರ ತೊಂಬತ್ತೊಂಬತ್ತು. ಊರಿನ ಕಟ್ಟಡಗಳ ಪಟ್ಟಿಯಲ್ಲಿ ಅಂಥ ನಂಬರಿನ ಮನೆ ಒಂದೂ ಇರಲಿಲ್ಲ.

ನಿರ್ದೇಶಕರನ್ನು ಕರೆದೆ. ಅವರಿಗೆ ಕಚೇರಿಯಲ್ಲಿ ಸೊನ್ನೆ ಸಾಹೇಬರು ಎಂದೇ ಹೆಸರು. ಯಾವ ಸಭೆಯಲ್ಲಾದರೂ ಅವರು ಕೇಳುವುದು ಒಂದೇ: ದೋಷ ಸೊನ್ನೆ ಇರಬೇಕು, ಬಾಕಿ ಸೊನ್ನೆ ಇರಬೇಕು, ದೂರು ಸೊನ್ನೆ ಇರಬೇಕು. ಫ್ಯಾನು ತಿರುಗುವುದಿಲ್ಲ ಎಂಬ ದೂರು ಸೊನ್ನೆಯಾದದ್ದು ದೂರಿನ ಪೆಟ್ಟಿಗೆಗೆ ಬೀಗ ಹಾಕಿದ ಮೇಲೆ.

"ಒಂಬೈನೂರ ತೊಂಬತ್ತೊಂಬತ್ತನೇ ಮನೆ ಎಲ್ಲಾದ್ರೂ ಇದೆಯೇನಮ್ಮ?" ಎಂದರು, ಪರದೆಯತ್ತ ಬಗ್ಗಿ.

"ಇಲ್ಲ ಸಾರ್. ಅಷ್ಟುದ್ದದ ಬೀದಿನೇ ಇಲ್ಲ."

"ಮತ್ತೆ? ಇಲ್ಲದ ಮನೆ, ಇಲ್ಲದ ಜನ. ಆಗ ಕೂತಿದ್ದ ಯಾವನೋ ಖದೀಮ ತುಂಬಿದಾನೆ. ಕಿತ್ತು ಹಾಕಿ, ಸೊನ್ನೆ ಆಗುತ್ತೆ. ಬೋಗಸ್ ಕಾರ್ಡು ಹಿಡಿದ್ವಿ ಅಂತ ನಮಗೂ ಒಂದು ಗರಿ."

"ಒಂದ್ಸಲ ನೋಡಿ ತೆಗೀತೀನಿ ಸಾರ್."

"ಗುಡ್ಡ ಅಗೆದು ಇಲಿ ಹಿಡಿಯೋಕೆ ಹೋಗಬೇಡಿ. ನಾಳೆ ಐದಕ್ಕೆ ಕೆಲಸ ಪೂರ್ಣಗೊಂಡ ಪ್ರಮಾಣಪತ್ರಕ್ಕೆ ನಿಮ್ಮ ಸಹಿ ಬೇಕು. ಅದಾದ್ರೆ ನಿಮ್ಮ ಗುತ್ತಿಗೆ ಫೈಲೂ ಮುಂದಕ್ಕೆ ಹೋಗುತ್ತೆ. ತಿಂಗಳ ಕೊನೆ ಬಂತು, ಗೊತ್ತಲ್ಲ."

ಗೊತ್ತಿತ್ತು. ಗುತ್ತಿಗೆಯವಳ ಗುರುತಿನ ಚೀಟಿ ತಿಂಗಳ ಕೊನೆಯ ದಿನ ಬಾಗಿಲಿಗೆ ಅಪರಿಚಿತವಾಗುತ್ತದೆ. ಅಮ್ಮ ಮತ್ತು ನಾನು ಇರುವುದು ಎರಡು ಕೋಣೆಯ ಮನೆಯಲ್ಲಿ. ನಂಬರು ಮೂವತ್ತೇಳು, ಸಾಚಾ.

ಅವರು ಹೋದ ಮೇಲೆ ಆರುನೂರ ಹನ್ನೊಂದು ಜನರ ಔಷಧಿ ಪಡೆದ ದಿನಾಂಕಗಳನ್ನು ತೆಗೆದೆ. ತಿಂಗಳು ತಪ್ಪದೆ ಬಂದಿದ್ದಾರೆ. ಸಕ್ಕರೆ ಕಾಯಿಲೆಗೆ, ಕ್ಷಯಕ್ಕೆ, ರಕ್ತದೊತ್ತಡಕ್ಕೆ, ಮೂರ್ಛೆಗೆ. ದೆವ್ವಗಳು ಬೆಳಗ್ಗೆ ಏಳೂವರೆಗೆ ಬಂದು ತಿರುಗದ ಫ್ಯಾನಿನ ಕೆಳಗೆ ಸಾಲು ನಿಲ್ಲುವುದನ್ನು ನಾನು ಕೇಳಿಲ್ಲ. ಹಳೆಯ ಡೇಟಾಬೇಸಿನಲ್ಲಿ ಷರಾ ಎಂಬ ಕಾಲಂ ಇತ್ತು. ಮನಸ್ಸಿಗೆ ಬಂದದ್ದನ್ನೆಲ್ಲ ಅಲ್ಲಿ ಬರೆದಿಡುತ್ತಾರೆ, ಕಸ, ಸಾಗಿಸುವುದು ಬೇಡ ಎಂದು ತೀರ್ಮಾನಿಸಿದವಳು ನಾನೇ. ಈಗ ಆ ಕಸವನ್ನು ಬಿಚ್ಚಿದೆ.

'ರೈಲು ಸೇತುವೆ ಕೆಳಗೆ, ಎರಡನೇ ಕಂಬ.' 'ಮಾರುಕಟ್ಟೆ ಮುಚ್ಚಿದ ಮೇಲೆ ಮೂರನೇ ಕಟ್ಟೆ.' 'ಆಸ್ಪತ್ರೆ ಗೇಟು. ಮಳೆ ಬಂದರೆ ಬಸ್ ನಿಲ್ದಾಣ.' 'ಕಚೇರಿ ಎದುರು ಮೆಟ್ಟಿಲಡಿ. ಕರೆದರೆ ಬರುತ್ತಾರೆ.'

ಕೊನೆಯದರ ಫೋಟೋ ನೋಡಿದೆ. ಹೋದ ವಾರ ನನ್ನ ಚಪ್ಪಲಿಯ ಬಾರು ಹೊಲಿದುಕೊಟ್ಟವನು.

ಕೆಳಗಿಳಿದು ರಸ್ತೆ ದಾಟಿದೆ. ಎದುರಿನ ಕಟ್ಟಡದ ಹೊರಮೆಟ್ಟಿಲಿನ ಅಡಿ, ನಿಂತರೆ ತಲೆ ತಾಗುವಷ್ಟು ಜಾಗದಲ್ಲಿ ಅವನು ದಾರಕ್ಕೆ ಮೇಣ ಉಜ್ಜುತ್ತಾ ಕೂತಿದ್ದ.

"ಮತ್ತೆ ಕಿತ್ತುಹೋಯ್ತಾ ಅಕ್ಕ? ನನ್ನ ಹೊಲಿಗೆ ಅಲ್ಲ ಬಿಡಿ, ನಿಮ್ಮ ನಡಿಗೆ."

"ಚಪ್ಪಲಿ ಸರಿ ಇದೆ ಅಣ್ಣ. ನಿಮ್ಮ ಮನೆ ಎಲ್ಲಿ ಅಂತ ಕೇಳೋಕೆ ಬಂದೆ."

ಅವನು ಸುತ್ತ ಒಮ್ಮೆ ಕೈಯಾಡಿಸಿದ. "ಇದೇ. ಬಾಗಿಲು ಬಡಿಯೋ ಕಷ್ಟ ಇಲ್ಲ, ತೆಗೆದೇ ಇರುತ್ತೆ."

"ಕಾರ್ಡಿನಲ್ಲಿ ಮನೆ ನಂಬರಿದೆಯಲ್ಲ."

"ಅದು ಒಬ್ಬರು ದೊಡ್ಡಕ್ಕ ಕೊಟ್ಟಿದ್ದು. ಇಪ್ಪತ್ತು ವರ್ಷ ಆಯ್ತು. ಆಗ ನಂಗೆ ದಿನಕ್ಕೆರಡು ಸಲ ಫಿಟ್ಸ್ ಬರೋದು. ಮನೆ ಇಲ್ಲ ಅಂದೆ. ಅವರು ಎಡಗೈಯಲ್ಲಿ ಟಕ ಟಕ ಟಕ ಅಂತ ಒತ್ತಿ, 'ಈಗ ಇದೆ, ಹೋಗು' ಅಂದ್ರು." ಅವನು ಸೂಜಿಯನ್ನು ಕೆಳಗಿಟ್ಟ. "ಯಾಕೆ ಕೇಳ್ತಿದೀರಿ? ಸೋಮವಾರ ಮಾತ್ರೆ ಸಿಗುತ್ತಲ್ಲ? ಎರಡು ದಿನ ತಪ್ಪಿದ್ರೆ ಬೀಳ್ತೀನಿ. ಪಕ್ಕದಲ್ಲೇ ರಸ್ತೆ."

ಬಸ್ಸೊಂದು ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ನೋಡಿ ಹೇಳುತ್ತೇನೆ ಎಂದು ಮನೆಯ ಕಡೆ ಹೊರಟೆ. ಎಡಗೈ ಎಂದ ಕೂಡಲೇ ಆ ದೊಡ್ಡಕ್ಕ ಯಾರೆಂದು ನನಗೆ ಗೊತ್ತಾಗಿತ್ತು.

ಅಮ್ಮ ಇಪ್ಪತ್ತಾರು ವರ್ಷ ಅದೇ ಕಚೇರಿಯ ನೋಂದಣಿ ಕೌಂಟರಿನಲ್ಲಿದ್ದಳು. ನಿವೃತ್ತಿಯಾಗಿ ಏಳು ವರ್ಷ. ನಾನು ಮನೆಗೆ ಹೋದಾಗ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು, ಎಡಗೈಯಲ್ಲಿ.

"ಅಮ್ಮ, ಒಂಬೈನೂರ ತೊಂಬತ್ತೊಂಬತ್ತು ಅಂದ್ರೆ ಏನು?"

ಸೂಜಿ ನಿಂತಿತು. "ಸಿಕ್ಕಿಬಿದ್ದೆನಾ?"

"ಸಾಹೇಬರು ಖದೀಮ ಅಂದ್ರು."

"ಖದೀಮೆ ಅನ್ನು. ಗಂಡಸರಿಗೆ ಯಾಕೆ ಬಿಟ್ಟುಕೊಡ್ತೀಯ." ಹಲ್ಲಿನಿಂದ ದಾರ ಕಡಿದಳು. "ಹೊಸದಾಗಿ ಯಂತ್ರ ಬಂದಿತ್ತು ಕಣೇ. ಮನೆ ನಂಬರು ಒತ್ತದೆ ಮುಂದಿನ ಗೆರೆಗೆ ಬಿಡ್ತಾನೇ ಇರಲಿಲ್ಲ. ಕೀಂ ಅನ್ನೋದು. ಎದುರಿಗೆ ಒಬ್ಬ ಬಸುರಿ ನಿಂತಿದ್ಳು. ಸೇತುವೆ ಕೆಳಗಿರ್ತೀನಿ ಅಂದ್ಳು. ಅವಳ ಹಿಂದೆ ಐವತ್ತು ಜನ. ಮೇಲಿನವರನ್ನ ಕೇಳಿದೆ. ನಿಯಮ ಇದ್ದ ಹಾಗೆ ಮಾಡಮ್ಮ ಅಂದ್ರು. ನಿಯಮ ಇದ್ದ ಹಾಗೆ ಮಾಡಿದ್ರೆ ಅವಳಿಗೆ ಔಷಧಿ ಇಲ್ಲ. ಒಂಬತ್ತನ್ನ ಮೂರು ಸಲ ಒತ್ತಿದೆ. ಕೀಂ ನಿಂತಿತು."

"ಆಮೇಲೆ?"

"ಆಮೇಲೆ ಅದೇ ಅಭ್ಯಾಸ ಆಯ್ತು. ನನ್ನ ಜಾಗಕ್ಕೆ ಬಂದವರಿಗೂ ಹೇಳಿಕೊಟ್ಟೆ. ಎಲ್ಲಿ ಮಲಗ್ತಾರೋ ಅದನ್ನ ಷರಾದಲ್ಲಿ ಬರೀರಿ, ಮರೀಬೇಡಿ ಅಂದೆ."

"ಒಳ್ಳೇದೇ ಮಾಡಿದೀಯ ಬಿಡು."

ಅಮ್ಮ ಎದ್ದುಹೋಗಿ ಬೀರುವಿನಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಎಳೆದು ತಂದಳು. ಐದು ವರ್ಷದ ಹಿಂದಿನದು. ಮೂಲೆಯಲ್ಲೊಂದು ಪುಟ್ಟ ಸುದ್ದಿ: ಇಲಾಖೆಗಳ ದಾಖಲೆ ಪ್ರಕಾರ ನಗರದಲ್ಲಿ ಮನೆಯಿಲ್ಲದವರು ಯಾರೂ ಇಲ್ಲದ ಕಾರಣ ರಾತ್ರಿ ತಂಗುದಾಣಗಳ ಯೋಜನೆಯನ್ನು ಕೈಬಿಡಲಾಗಿದೆ.

"ಆ ದಾಖಲೆ ತುಂಬಿದ ಕೈ ಇದು," ಎಂದು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡಳು. "ಒಬ್ಬೊಬ್ಬರಿಗೂ ಔಷಧಿ ಕೊಡಿಸಿದೆ. ಎಲ್ಲರನ್ನೂ ಸೇರಿಸಿ ಮುಚ್ಚಿಹಾಕಿದೆ. ಓದಿದ ದಿನ ಊಟ ಸೇರಲಿಲ್ಲ. ನಿಂಗೆ ಹೇಳೋಕೂ ನಾಚಿಕೆ ಆಯ್ತು."

ಹೊರಗೆ ಯಾರೋ ಸೈಕಲ್ಲನ್ನು ಗೋಡೆಗೆ ಒರಗಿಸಿದರು. ದಾರಿಯಲ್ಲಿ ಬರುವಾಗ ಒಂದು ಉಪಾಯ ಹೊಳೆದಿತ್ತು: ಎಲ್ಲರಿಗೂ ನಮ್ಮ ಕಚೇರಿಯ ಕಟ್ಟಡದ ನಂಬರನ್ನೇ ಕೊಟ್ಟುಬಿಡುವುದು. ಪಟ್ಟಿಯಲ್ಲಿರುವ ನಂಬರು, ಡೇಟಾಬೇಸು ತಕರಾರೆತ್ತದು. ನಾಳೆ ಹತ್ತು ನಿಮಿಷದ ಕೆಲಸ. ಆ ಉಪಾಯ ಅಮ್ಮನ ಮಡಿಲಲ್ಲಿದ್ದ ಕೈಯನ್ನು ನೋಡುತ್ತಾ ನೋಡುತ್ತಾ ಹಳಸಿಹೋಯಿತು.

"ಹಾಗಾದ್ರೆ ನಾನೇನು ಮಾಡ್ಲಿ?"

"ನನ್ನ ಕೇಳಬೇಡ. ನಾನು ಯಂತ್ರಕ್ಕೆ ಹೆದರಿದವಳು. ಅದು ಯಾಕೆ ಹಾಗೆ ಕೀಂ ಅನ್ನುತ್ತೆ, ಅದಕ್ಕೆ ಹಾಗೆ ಹೇಳಿಕೊಟ್ಟವರು ಯಾರು, ನಿವೃತ್ತಿ ಆಗೋವರೆಗೂ ಕೇಳಲೇ ಇಲ್ಲ. ನಿನ್ನ ಹೊಸ ಯಂತ್ರಕ್ಕೆ ಹೇಳಿಕೊಟ್ಟಿದ್ದು ಯಾರು?"

ನಾನೇ. ಎಂಟು ತಿಂಗಳ ಹಿಂದೆ, ಒಂದು ಮಂಗಳವಾರ, ಚಹಾ ಕುಡಿಯುತ್ತಾ ಆ ಷರತ್ತನ್ನು ಬರೆದಿದ್ದೆ: ಮನೆ ನಂಬರು ಖಾಲಿ ಇರಬಾರದು, ಊರಿನ ಕಟ್ಟಡಗಳ ಪಟ್ಟಿಯಲ್ಲಿರುವ ನಂಬರೇ ಆಗಿರಬೇಕು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮನುಷ್ಯ ಎಂದಮೇಲೆ ಮನೆ ಇದ್ದೇ ಇರುತ್ತದೆ ಎಂದು ಕೈ ತಾನಾಗಿ ಬರೆದಿತ್ತು. ಕಟುಕರು ಬೇಕಾಗಿಲ್ಲ; ತಲೆಯ ಮೇಲೆ ಸೂರಿರುವ ಒಬ್ಬಳು, ಒಂದು ಲೋಟ ಚಹಾ, ಇಷ್ಟು ಸಾಕು, ಆರುನೂರ ಹನ್ನೊಂದು ಜನರನ್ನು ಬಾಗಿಲಾಚೆ ನಿಲ್ಲಿಸಲು.

ಭಾನುವಾರ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಷರತ್ತಿನ ಆ ಒಂದು ಸಾಲನ್ನು ತೆಗೆದೆ. ಒಂಬೈನೂರ ತೊಂಬತ್ತೊಂಬತ್ತು ಎಂದಿದ್ದ ಕಡೆಯಲ್ಲೆಲ್ಲ ಖಾಲಿ ಬಿಟ್ಟೆ. ಷರಾ ಕಾಲಮನ್ನು ಹೊಸದರಲ್ಲಿ ಮತ್ತೆ ಸೇರಿಸಿದೆ. ಏನೇನು ಬದಲಾಯಿಸಿದೆ, ಏಕೆ ಬದಲಾಯಿಸಿದೆ ಎಂಬುದನ್ನು ಪ್ರಮಾಣಪತ್ರದ ಎರಡನೇ ಪುಟದಲ್ಲಿ ಬರೆದೆ. ಮಧ್ಯಾಹ್ನ ಎರಡಕ್ಕೆ ಕೊನೆಯ ಕಾರ್ಡು ದಾಟಿತು. ತಡೆದದ್ದು: ಸೊನ್ನೆ.

ಸಾಹೇಬರು ಮೊದಲ ಪುಟದ ಸೊನ್ನೆಯನ್ನು ನೋಡಿ, ಎರಡನೆಯದನ್ನು ಮಗುಚದೆ, ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. "ನೋಡಿ, ಆಗಲ್ಲ ಅಂದ್ರಿ. ಆಯ್ತಲ್ಲ."

"ಆಗಲ್ಲ ಅಂದಿರಲಿಲ್ಲ ಸಾರ್."

ಹೊಸ ಡೇಟಾಬೇಸಿನಲ್ಲಿ ಅವರೇ ಆಸೆಪಟ್ಟು ಮಾಡಿಸಿದ್ದ ಒಂದು ವರದಿ ಇತ್ತು. ಯಾವ ಕಾಲಂನಲ್ಲಿ ಎಷ್ಟು ಖಾಲಿ ಎಂಬ ಪಟ್ಟಿ. ಸೋಮವಾರ ಎಂಟಕ್ಕೆ ಮೇಲಿನ ಎಲ್ಲ ಕಚೇರಿಗಳಿಗೂ ತಾನಾಗಿ ಹೋಗುವಂಥದ್ದು. ಎಲ್ಲ ಸಾಲಿನಲ್ಲೂ ಸೊನ್ನೆ ಕಾಣಲಿ ಎಂಬುದು ಅವರ ಕನಸು. ಅದರ ಮಾದರಿಯನ್ನು ಮುದ್ರಿಸಿ ಮುಂದಿಟ್ಟೆ. ಹೆಸರು, ಸೊನ್ನೆ. ವಯಸ್ಸು, ಸೊನ್ನೆ. ಅವರ ಬೆರಳು ಕೆಳಗಿಳಿಯುತ್ತಾ ಒಂದು ಕಡೆ ನಿಂತಿತು.

"ಮನೆ ನಂಬರು ಇಲ್ಲದವರು ಆರುನೂರ ಹನ್ನೊಂದು. ಇದೇನಿದು?"

"ಮನೆ ಇಲ್ಲದವರು ಸಾರ್."

"ಒಂದೇ ರಾತ್ರೀಲಿ ಎಲ್ಲಿಂದ ಹುಟ್ಟಿಕೊಂಡ್ರು? ಯಾರೂ ಇಲ್ಲ ಅಂತ ನಾವೇ ಬರೆದುಕೊಟ್ಟಿದ್ದೀವಿ." ಧ್ವನಿ ತಗ್ಗಿತು. "ಹಳೇ ನಂಬರನ್ನೇ ಹಾಕಿಬಿಡಿ."

"ಅದು ಬೋಗಸ್ ಅಂದ್ರಲ್ಲ ಸಾರ್."

"ಬೋಗಸ್ ಆದ್ರೂ ಖಾಲಿ ಇರಲಿಲ್ಲವಲ್ಲ."

ಆ ಮಾತು ಆಡಿದ ಮೇಲೆ ಅವರಿಗೂ ಅದು ಕೇಳಿಸಿತೆಂದು ತೋರುತ್ತದೆ. ಕಿಟಕಿಯ ಕಡೆ ತಿರುಗಿದರು. ನಾನು ಒಂದು ಬಿಳಿ ಹಾಳೆಯನ್ನು ಅವರ ಮುಂದೆ ಸರಿಸಿದೆ.

"ಬರೆದು ಕೊಡಿ ಸಾರ್. ಹಾಕ್ತೀನಿ."

"ಬಾಯಲ್ಲಿ ಹೇಳಿದ್ರೆ ಸಾಲದಾ?"

"ಸಹಿ ಆದ ಮೇಲೆ ಒಂದು ಅಕ್ಷರ ಬದಲಾಯಿಸಬೇಕಾದ್ರೂ ಲಿಖಿತ ಆದೇಶ ಬೇಕು. ನೀವೇ ಮಾಡಿದ ನಿಯಮ. ಮನೆ ಇಲ್ಲದ ಆರುನೂರ ಹನ್ನೊಂದು ಜನಕ್ಕೆ ಇಲ್ಲದ ಮನೆ ನಂಬರು ಹಾಕತಕ್ಕದ್ದು, ಇಷ್ಟು ಬರೆದು ಸಹಿ ಮಾಡಿ. ನಿಯಮ ಇದ್ದ ಹಾಗೆ ಮಾಡ್ತೀನಿ."

ಅವರು ಪೆನ್ನು ತೆಗೆದರು. ಹಾಳೆಯ ಅಂಚಿನಲ್ಲಿ ಗೀಚಿ ಮಸಿ ಬರುತ್ತದೆಯೇ ನೋಡಿದರು. ಬರುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಮುಚ್ಚಿ ಜೇಬಿಗಿಟ್ಟುಕೊಂಡರು.

"ನಿಮ್ಮ ಗುತ್ತಿಗೆ ಫೈಲು ನನ್ನ ಮೇಜಿನ ಮೇಲೇ ಇದೆ."

"ಗೊತ್ತು ಸಾರ್."

"ಅದು ಅಲ್ಲೇ ಇರುತ್ತೆ."

ಮನೆಗೆ ಹೋಗಿ ಅಮ್ಮನಿಗೆ ವರದಿಯ ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಆ ಒಂದು ಸಾಲನ್ನೇ ಎರಡು ಸಲ ಓದಿದಳು. "ತಿಂಗಳ ಕೊನೆಗೆ ಕೆಲಸ ಹೋಗುತ್ತಾ?" ಎಂದಳು. ಹೋಗುತ್ತದೆ ಎಂದೆ. "ಸರಿ," ಎಂದು, ಬೀರುವಿನಲ್ಲಿ ಹಳೆಯ ಪತ್ರಿಕೆ ಹಾಸಿದ್ದ ಜಾಗದಲ್ಲಿ ಇದನ್ನು ಹಾಸಿದಳು.

ಸೋಮವಾರ ಎಂಟಕ್ಕೆ ಕೌಂಟರು ತೆರೆಯಿತು, ವರದಿಯೂ ತಾನಾಗಿ ಹೊರಟಿತು. ನಾನು ಸರ್ವರ್ ಕೋಣೆಗೆ ಹೋಗದೆ ಸಾಲಿನ ಪಕ್ಕದಲ್ಲೇ ನಿಂತಿದ್ದೆ. ಸೆಕೆ ಇತ್ತು. ಚಪ್ಪಲಿ ಹೊಲಿಯುವ ಅಣ್ಣ ಹದಿನಾರನೆಯವನು. ಕಾರ್ಡು ತೋರಿಸಿದ, ಪ್ರಿಂಟರು ಗೊರಗೊರ ಎಂದು ಚೀಟಿ ಹೊರಗೆ ತಳ್ಳಿತು, ಮಾತ್ರೆಯ ಪಟ್ಟಿಗಳು ಬಂದವು. ಮಾತ್ರೆಗಳನ್ನು ಅಂಗಿಯೊಳಗೆ ಸೇರಿಸಿ ಚೀಟಿಯನ್ನು ಬೆಳಕಿಗೆ ಹಿಡಿದ.

"ಅಕ್ಕ, ನನ್ನ ಮನೆ ನಂಬರು ಬಿದ್ದುಹೋಗಿದೆ."

"ಬಿದ್ದಿಲ್ಲ ಅಣ್ಣ. ನಾನೇ ತೆಗೆದೆ."

ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. "ಇಪ್ಪತ್ತು ವರ್ಷ ಕಾಗದದಲ್ಲಾದ್ರೂ ಒಂದು ಮನೆ ಇತ್ತು. ಅದನ್ನೂ ಖಾಲಿ ಮಾಡಿಸಿಬಿಟ್ರಾ?"

ನನ್ನ ಬಳಿ ಉತ್ತರ ಇತ್ತು. ತಂಗುದಾಣದ ಸುದ್ದಿ, ಮೇಲಿನ ಕಚೇರಿಗಳು, ಎಣಿಕೆಗೆ ಸಿಕ್ಕದವರಿಗೆ ಯಾರೂ ಸೂರು ಕಟ್ಟುವುದಿಲ್ಲ ಎಂಬ ಮಾತು. ಹೇಳಿದೆ ಕೂಡ. ಅವನು ತಾಳ್ಮೆಯಿಂದ ಕೇಳಿದ, ಆಚೀಚಿನ ಇಬ್ಬರೂ ಕಿವಿಗೊಟ್ಟರು.

"ಕಟ್ತಾರಾ?" ಎಂದ.

"ಗೊತ್ತಿಲ್ಲ. ಇಲ್ಲ ಅನ್ನೋಕೆ ಇನ್ನು ಆಗಲ್ಲ."

ಆ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಸಾಹೇಬರ ಕೋಣೆಯ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿ ನೋಡಿದರು. ಅಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮಾತ್ರೆಗಳ ಜೊತೆ ಇಟ್ಟುಕೊಂಡು ರಸ್ತೆ ದಾಟಿದ.