ಮೇಣದ ಕಿವಿ

ಸಲೂನಿನಲ್ಲಿ ಕೂದಲು ಕತ್ತರಿಸುತ್ತಿದ್ದ ವರ್ಷಗಳಲ್ಲಿ ನಾನು ಮಡಚಿ ಹಿಡಿದ ಕಿವಿಗಳಿಗೆ ಲೆಕ್ಕವಿಲ್ಲ. ಆದರೆ ಒಂದನ್ನೂ ಸರಿಯಾಗಿ ನೋಡಿರಲಿಲ್ಲ ಎಂಬುದು ತಿಳಿದದ್ದು ಶವಸಂಸ್ಕಾರದ ಪದವಿಗೆ ಸೇರಿದ ಮೇಲೆ. ಹೂಳುವ ಮುಂಚೆ ಮನೆಯವರು ಕಡೆಯ ಸಲ ನೋಡಲೆಂದು, ಅಪಘಾತದಲ್ಲಿ ಸತ್ತವರ ಮುಖ ಸರಿಪಡಿಸುವ ಪಾಠ. ಕೊಟ್ಟ ಫೋಟೋ ನೋಡಿಕೊಂಡು ಮೇಣದಲ್ಲಿ ಕಿವಿ ಮಾಡಬೇಕಿತ್ತು. ನಾನು ಮಾಡಿದ್ದನ್ನು ಹಾಲ್ವರ್ಸನ್ ಮೇಷ್ಟ್ರು ಎರಡು ಸಲ ಹಿಂದಕ್ಕೆ ಕೊಟ್ಟರು.

“ಮಾರ್ಲಿಸ್, ಇದು ಕಿವಿ ಅಲ್ಲಮ್ಮ, ಒಣಗಿದ ಅಣಬೆ. ಮನೇಲಿ ಯಾರನ್ನಾದ್ರೂ ಕೂರಿಸ್ಕೊಂಡು ನೋಡಿ ಮಾಡು.”

ಮನೆಯಲ್ಲಿದ್ದವರಾದರೂ ಯಾರು? ಗಂಡ ಡ್ವೇನ್ ಲಾರಿ ತೆಗೆದುಕೊಂಡು ನೆಬ್ರಾಸ್ಕಾ ಕಡೆ ಹೋಗಿದ್ದ. ಉಳಿದವರು ಅತ್ತೆ ಅಲ್ಬೀನಾ.

ಅವರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ಕೂತ ಕೂಡಲೇ ಕುತ್ತಿಗೆ ತಿರುಗಿಸಿದರು.

“ಒಲೆ ಆರ್ಸಿದೀಯಾ?”

“ಆರ್ಸಿದೀನಿ ಅತ್ತೆ. ಅಲ್ಲಾಡ್ಬೇಡಿ.”

“ಅಲ್ಲ ಕಣೇ, ಸಲೂನಲ್ಲಿ ಚೆನ್ನಾಗೇ ಇದ್ಯಲ್ಲ. ಬದುಕಿರೋರು ಟಿಪ್ಸಾದ್ರೂ ಕೊಡ್ತಿದ್ರು.”

“ಬದುಕಿರೋರು ಬಾಯಿ ಮುಚ್ಚಲ್ಲ. ಅದಕ್ಕೇ ಬಿಟ್ಟೆ.”

ಅವರಿಗೆ ನಗು ಬಂತು. ನಕ್ಕರೆ ಕಿವಿಯೂ ಮೇಲೇರುತ್ತದೆ. ಮೇಣ ಕೆರೆದು ಮತ್ತೆ ಶುರು ಮಾಡಿದೆ. ಅಷ್ಟರಲ್ಲಿ ಅವರ ಗೆಳತಿಯ ಫೋನ್ ಬಂತು. ಇನ್ನೊಂದು ಕಿವಿ ಖಾಲಿ ಇತ್ತಲ್ಲ? ಇಲ್ಲ, ನಾನು ನೋಡುತ್ತಿದ್ದ ಕಿವಿಗೇ ಒತ್ತಿಕೊಂಡರು.

“ಎಮೀಲಿಯಾ, ನನ್ನ ಸೊಸೆ ಈಗ್ಲೇ ಅಳತೆ ತಗೋತಿದಾಳೆ ಕಣೇ!”

ಕೈಯಲ್ಲಿದ್ದ ಮೇಣವನ್ನು ಗೋಡೆಗೆ ಎಸೆಯಬೇಕೆನಿಸಿತು. ಹರಟೆ ಮುಗಿಸಿ ಫೋನ್ ಕೆಳಗಿಟ್ಟ ಮೇಲಾದರೂ ಸುಮ್ಮನಾದರೇ?

“ನನ್ನ ಸರದಿ ಬಂದಾಗ ಕಂದು ಲಿಪ್‌ಸ್ಟಿಕ್ ಹಚ್ಬೇಡ.”

“ಹಚ್ಚಲ್ಲ.”

“ಆವತ್ತು ಅಳ್ತೀಯೋ, ಕೆಲಸ ಮಾಡ್ತೀಯೋ?”

“ಮೊದ್ಲು ಕೆಲಸ, ಆಮೇಲೆ ಅಳೋದು. ತಲೆ ನೆಟ್ಟಗಿಡಿ ಅತ್ತೆ!”

ಸಿಟ್ಟಿನಲ್ಲಿ ಬಂದ ಮಾತು. ಆದರೆ ಅತ್ತೆ ಅಲ್ಲಾಡದೆ ಕೂತುಬಿಟ್ಟರು. ಆ ಹೊತ್ತಿನಲ್ಲೇ ಕಿವಿ ಮುಗಿಯಿತು. ಭಾರದ ಓಲೆ ಹಾಕಿ ಜೋತುಬಿದ್ದ ಹಾಲೆ, ಮೇಲಂಚಿನ ಸುಕ್ಕು, ಎಲ್ಲವೂ ಇದ್ದಂತೆಯೇ.

ಮಾರನೆಯ ದಿನ ಹಾಲ್ವರ್ಸನ್ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ತುಂಬಾ ಚೆನ್ನಾಗಿದೆ. ಆದ್ರೆ ಫೋಟೋದಲ್ಲಿರೋನು ಪಡ್ಡೆ ಹುಡುಗ. ಇದು ಅಜ್ಜಿ ಕಿವಿ. ಅವನ ತಾಯಿ ನೋಡಿದ್ರೆ ಏನಂದ್ಕೋತಾಳೆ? ಇನ್ನೊಂದ್ಸಲ ಮಾಡು.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಇನ್ನಷ್ಟು ಉರಿಸಿತು.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. “ಪಾಸಾಯ್ತಾ ನನ್ನ ಕಿವಿ?”

“ಇಲ್ಲ. ವಯಸ್ಸಾಗಿದೆಯಂತೆ.”

“ಯಾವನವನು ಹಾಗಂದಿದ್ದು?” ಎಂದು ಹರಿಹಾಯ್ದವರು, ಆಮೇಲೆ ಮೆಲ್ಲಗೆ ಕೇಳಿದರು: “ಬಿಸಾಕಿಬಿಟ್ಯಾ?”

ಚೀಲದಿಂದ ತೆಗೆದು ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ತಮ್ಮ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡರು. “ನಮ್ಮಮ್ಮಂದೂ ಹೀಗೇ ಇತ್ತು,” ಎಂದರು.

ಶನಿವಾರ ಡ್ವೇನ್ ಬಂದು, ಬೂಟು ಕೂಡ ಬಿಚ್ಚದೆ ಸೋಫಾದ ಮೇಲೆ ಒರಗಿ ಗೊರಕೆ ಹೊಡೆಯತೊಡಗಿದ. ಪಡ್ಡೆ ಹುಡುಗನಲ್ಲ, ಆದರೂ ಹಾಲೆ ಇನ್ನೂ ಜೋತುಬಿದ್ದಿರಲಿಲ್ಲ. ಮೇಣ ತಂದು ಪಕ್ಕದಲ್ಲೇ ಮಂಡಿಯೂರಿದೆ. ಈ ಮನೆಯಲ್ಲಿ ಕಡೆಗೂ ಒಬ್ಬ ಅಲ್ಲಾಡದೆ ಮಲಗಿದ್ದ.

ಹಿಂದಿನಿಂದ ಅತ್ತೆಯ ದನಿ: “ಮೇಲ್ಗಡೆ ದಪ್ಪ ಆಯ್ತು ನೋಡು. ನನ್ನ ಮಗನ ಕಿವಿ ಅಷ್ಟು ದಪ್ಪ ಇಲ್ಲ.”

ಹಲ್ಲು ಕಚ್ಚಿಕೊಂಡು ನೋಡಿದೆ. ದಪ್ಪವೇ ಆಗಿತ್ತು. ಕೆರೆದೆ.