ಒಂದು ದಿನವೂ ಓಡದ ಯಂತ್ರ

ನಾನು ಒಂದು ಪವರ್ ಪ್ರೆಸ್. ತಗಡನ್ನು ಒಂದೇ ಏಟಿಗೆ ಕತ್ತರಿಸಿ ಆಕಾರ ಕೊಡುವುದು ನನ್ನ ಕೆಲಸ. ಇಟಲಿಯ ಉತ್ತರದಲ್ಲಿ, ಕಿಟಕಿಯಿಂದ ಹಿಮದ ಬೆಟ್ಟಗಳು ಕಾಣುವ ಕಾರ್ಖಾನೆಯೊಂದರಲ್ಲಿ ನಾನು ಹುಟ್ಟಿದೆ. ನನ್ನ ಮುಂಭಾಗದಲ್ಲಿ ಎರಡು ಗುಂಡಿಗಳನ್ನು ಕೂರಿಸಿದರು. ಎರಡನ್ನೂ ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ನನ್ನ ಸುತ್ತಿಗೆ ಇಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಸುತ್ತಿಗೆಯ ಕೆಳಗೆ ಕೈ ಇರಲಾರದು. ಅಷ್ಟು ಸರಳವಾದ ಲೆಕ್ಕದ ಮೇಲೆ ನನ್ನನ್ನು ಕಟ್ಟಿದ್ದರು.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಗುರುಸಿದ್ದ ಅಂಕಲಗಿಯವರು ತಮ್ಮ ಕಾರ್ಖಾನೆಗೆ ನನ್ನನ್ನು ಕೊಂಡರು. ಬೆಲೆಯ ಕಾಲು ಭಾಗ ಮೊದಲೇ ಸಂದಿತು. ಉಳಿದ ಮುಕ್ಕಾಲು ಕಂತುಗಳಲ್ಲಿ ಎಂದು ಕರಾರಾಯಿತು.

ನನ್ನನ್ನು ನಡೆಸಲು ಬಾಳಪ್ಪನನ್ನು ನೇಮಿಸಿದರು. ಅವನು ಪ್ರತಿ ಬೆಳಿಗ್ಗೆ ನನ್ನ ಬೆನ್ನು ತಟ್ಟುತ್ತಿದ್ದ.

"ಏಳ್ರಿ ಅಳಿಯಂದ್ರ, ಹೊತ್ತು ಏರೈತಿ. ಮಾವನ ಮನ್ಯಾಗ ಮಲಗಾಕ ಬಂದೀರೇನು?"

ಪಕ್ಕದ ಯಂತ್ರದ ಲಗಮಣ್ಣ ನಗುತ್ತಿದ್ದ. "ಎಣ್ಣಿ ಹಚ್ಚಿ ಎಬ್ಬಸೋ ಬಾಳಣ್ಣ. ವಿಲಾಯತಿ ಅಳಿಯ, ಸುಮ್ನ ಏಳೂದಿಲ್ಲ."

ಅಂಕಲಗಿಯವರಿಗೆ ಮಾಲು ಹೆಚ್ಚು ಬೇಕಾಯಿತು. ಒಂದು ಗುಂಡಿಯನ್ನು ಒತ್ತಿಹಿಡಿದು ತಂತಿಯಿಂದ ಬಿಗಿಸಿದರು. ಒಂದು ಕೈ ಗುಂಡಿಗೆ, ಇನ್ನೊಂದು ತಗಡಿಗೆ. ಮಾಲು ಹೆಚ್ಚಿತು. ಒಂದು ದಿನ ತಗಡಿನ ಚೂರೊಂದು ಒಳಗೆ ಸಿಕ್ಕಿಕೊಂಡಿತು. ಬಾಳಪ್ಪ ತಲೆಯನ್ನೂ ಒಳಗೆ ಬಾಗಿಸಿ ಅದನ್ನು ಕೀಳುತ್ತಿದ್ದಾಗ ಅವನ ಮೊಣಕೈ ತಂತಿ ಬಿಗಿಯದ ಇನ್ನೊಂದು ಗುಂಡಿಗೆ ತಾಗಿತು. ನನ್ನ ಸುತ್ತಿಗೆಗೆ ಕಣ್ಣಿಲ್ಲ. ನನಗೆ ಗುಂಡಿಯೇ ಆಜ್ಞೆ. ನಾನು ಇಳಿದೆ.

ಬಾಳಪ್ಪ ಅಟ್ಟದಿಂದ ಬಿದ್ದು ಸತ್ತನೆಂದು ಅಂಕಲಗಿಯವರು ಪೊಲೀಸರ ಕಾಗದದಲ್ಲಿ ಬರೆಸಿದರು. ಕೆಲಸಗಾರರು ತಲೆ ತಗ್ಗಿಸಿದರು. ಬಾಳಪ್ಪನ ಹೆಂಡತಿ ದುಂಡವ್ವನಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ನನ್ನ ಮೇಲೆ ತಾಡಪತ್ರಿಯ ಹೊದಿಕೆ ಬಿತ್ತು.

ಆಮೇಲೆ ನನಗೆ ವಿದ್ಯುತ್ ಬರಲಿಲ್ಲ. ಆದರೂ ಬೆಳಗಿನ ಸೈರನ್ ಆದೊಡನೆ ತಾಡಪತ್ರಿಯ ಒಳಗೆ ಯಾರೋ ನನ್ನ ಬೆನ್ನು ತಟ್ಟುತ್ತಿದ್ದರು. ಏಳ್ರಿ ಅಳಿಯಂದ್ರ. ನನ್ನ ಮುಂದಿನ ಒಂದು ತುಂಡು ನೆಲವನ್ನು ಯಾರೂ ತುಳಿಯುತ್ತಿರಲಿಲ್ಲ, ಗುಡಿಸುತ್ತಲೂ ಇರಲಿಲ್ಲ. ತಲೆಯ ಮೇಲೆ ಭಾರ ಹೊತ್ತವರು ಕೂಡ ಸುತ್ತು ಬಳಸಿ ಹೋಗುತ್ತಿದ್ದರು.

ದುಂಡವ್ವ ಒಮ್ಮೆ ಊಟದ ಹೊತ್ತಿನಲ್ಲಿ ಬಂದು ತಾಡಪತ್ರಿಯ ಅಂಚನ್ನು ಎತ್ತಿದಳು. "ಹೆಣಾ ತೊಳದಾಕಿ ನಾನು. ಅಟ್ಟದಿಂದ ಬಿದ್ದ ಗಾಯ ಹಂಗ ಇರೂದಿಲ್ಲ."

"ಬ್ಯಾಡ ವೈನಿ," ಎಂದ ಲಗಮಣ್ಣ. "ಮಗಳ ಸಾಲಿ ಫೀ ಮಾಲಕರು ಕಟ್ಟಾಕತ್ತಾರ. ಬಾಯಿ ಬಿಟ್ರ ಎಲ್ಲಾ ಹೊಕ್ಕೈತಿ."

"ಹೆಂಗ ಸತ್ತ ಅನ್ನೂ ಖರೇ ಮಾತಾದ್ರೂ ಅವನದ ಆಗಬಾರದೇನೋ ಲಗಮಾ?"

ಅವಳು ಅಂಚನ್ನು ಇಳಿಸಿ ಹೋದಳು.

ಅಷ್ಟರಲ್ಲಿ ಕಂತುಗಳು ನಿಂತಿದ್ದವು. ನನ್ನನ್ನು ಮಾರಿದ ಇಟಲಿಯ ಕಂಪನಿಯ ಪತ್ರಗಳಿಗೆ ಉತ್ತರ ಹೋಗಲಿಲ್ಲ. ಸಮುದ್ರದಾಚೆಯಿಂದ ಬಾಕಿ ವಸೂಲಿ ಮಾಡುವುದು ಸುಲಭವಲ್ಲವೆಂದು ಅಂಕಲಗಿಯವರು ಬಲ್ಲರು. ಆದರೆ ಆ ಕಂಪನಿ ಬೆಳಗಾವಿಯಲ್ಲೇ ವಕೀಲರನ್ನು ಹಿಡಿಯಿತು. ವಸುಧಾ ಪೋತದಾರ ಎಂಬಾಕೆ ಕಂಪನಿಯ ಪರವಾಗಿ ದಾವೆ ಹೂಡಿದರು. ಯಂತ್ರ ಬಂದಾಗಲೇ ಕೆಟ್ಟಿತ್ತು, ಒಂದು ದಿನವೂ ಓಡಿಲ್ಲ, ಆದ್ದರಿಂದ ಹಣ ಕೊಡಬೇಕಾಗಿಲ್ಲ ಎಂದು ಅಂಕಲಗಿಯವರು ಪ್ರಮಾಣ ಮಾಡಿದರು. ಓಡದ ಯಂತ್ರಕ್ಕೆ ಬೆಲೆಯಿಲ್ಲ. ಓಡದ ಯಂತ್ರ ಯಾರನ್ನೂ ಕೊಲ್ಲುವುದೂ ಇಲ್ಲ. ಒಂದೇ ಸುಳ್ಳಿನಿಂದ ಎರಡು ಬಾಕಿಗಳನ್ನು ಅಳಿಸಲು ಹೊರಟಿದ್ದರು.

ನನ್ನನ್ನು ನೋಡಿ ವರದಿ ಕೊಡಲು ನ್ಯಾಯಾಲಯ ಒಬ್ಬ ಕಮಿಷನರನ್ನು ಕಳುಹಿಸಿತು. ಎರಡೂ ಕಡೆಯವರ ಎದುರಿನಲ್ಲಿ ತಾಡಪತ್ರಿ ತೆಗೆದರು.

"ಬಂದ ದಿನದಿಂದ ಹಿಂಗ ನಿಂತೈತ್ರಿ ಸಾಹೇಬರ. ಬರೇ ಶೋಕಿಗೆ," ಎಂದರು ಅಂಕಲಗಿಯವರು.

"ಇರಲಿ, ಒಮ್ಮೆ ಚಾಲೂ ಮಾಡಿ ನೋಡೋಣ. ಯಾರಾದರೂ ಬನ್ನಿ," ಎಂದರು ಕಮಿಷನರ್.

ನಾಲ್ಕೈದು ಜನ ಕೆಲಸಗಾರರು ಬಂದರು. ಎಡಕ್ಕೆ ನಿಂತರು, ಬಲಕ್ಕೆ ನಿಂತರು, ಹಿಂದೆ ನಿಂತರು. ಮುಂದೆ ಯಾರೂ ನಿಲ್ಲಲಿಲ್ಲ.

"ಗುಂಡಿ ಇರೋದು ಮುಂದೆ ಅಲ್ವೇನ್ರೀ?" ಎಂದು ಕಮಿಷನರ್ ಕೇಳಿದರು.

ಲಗಮಣ್ಣ ಒಂದು ಹೆಜ್ಜೆ ಇಟ್ಟ. ಧೂಳಿನ ಅಂಚಿನಲ್ಲಿ ಅವನ ಕಾಲು ನಿಂತಿತು. ತನಗೇ ಅರಿವಿಲ್ಲದೆ ಚಪ್ಪಲಿ ಕಳಚಿದ.

ವಸುಧಾ ಆ ಚಪ್ಪಲಿಗಳನ್ನೇ ನೋಡುತ್ತಿದ್ದರು. "ಓಡದ ಮಷೀನಿಗೆ ಇಷ್ಟ್ಯಾಕ ಅಂಜತೀರಿ?"

ಪ್ಯಾಕಿಂಗ್ ವಿಭಾಗದಿಂದ ದುಂಡವ್ವ ಎದ್ದು ಬಂದಳು.

"ದುಂಡವ್ವಾ, ಒಳಗ ನಡಿ," ಎಂದರು ಅಂಕಲಗಿಯವರು.

ವಸುಧಾ ಅವಳಿಗೆ ಅಡ್ಡ ಬಂದರು. "ಅಕ್ಕಾರ, ನಾ ಆ ಕಂಪನಿ ಕಡೆ ವಕೀಲ, ನಿಮ್ಮ ಕಡೆ ಅಲ್ಲ. ನೀವು ಹೇಳಿದ್ರ ರೊಕ್ಕ ಅವರಿಗೆ ಬರ್ತದ, ನಿಮಗ ಅದರಾಗ ಏನೂ ಇಲ್ಲ. ಕೆಲಸಾನೂ ಹೋದೀತು. ವಿಚಾರ ಮಾಡಿ ಮಾತಾಡ್ರಿ."

"ರೊಕ್ಕ ಅವರ ತಗೊಳ್ಲಿ ಬಿಡ್ರಿ."

ಅವಳು ಧೂಳನ್ನು ತುಳಿದು ನನ್ನ ಮುಂದೆ ಬಂದು ನಿಂತಳು.

"ನನ್ನ ಗಂಡ ಇಲ್ಲಿ ನಿಲ್ತಿದ್ದ. ದಿನಾ ಈ ಮಷೀನ ಓಡಸ್ತಿದ್ದ. ಇಲ್ಲೇ ಸತ್ತ. ಅಟ್ಟದಿಂದ ಬಿದ್ದಿಲ್ರಿ ಅಂವಾ. ಹಂಗಂತ ಬರ್ಕೊಳ್ರಿ."

ಕಮಿಷನರ್ ಬರೆದುಕೊಂಡರು. ಲಗಮಣ್ಣ ಅಳುತ್ತಲೇ ಹೌದೆಂದ. ಉಳಿದವರೂ ಒಬ್ಬೊಬ್ಬರಾಗಿ ಹೌದೆಂದರು.

ಇಟಲಿಯವರ ಹಣ ಬಡ್ಡಿ ಸಮೇತ ಸಂದಿತು. ದುಂಡವ್ವನ ಕೆಲಸ ಅದೇ ವಾರ ಹೋಯಿತು. ಅವಳ ಪರಿಹಾರದ ಅರ್ಜಿಗೆ ವಸುಧಾ ಬೇರೊಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ಅದು ಬಹಳ ತಡವಾಗಿ ತೀರ್ಮಾನವಾಯಿತು. ತೀರ್ಪಿನಲ್ಲಿ ಬಾಳಪ್ಪ ನನ್ನ ಸುತ್ತಿಗೆಯ ಕೆಳಗೆ ಸತ್ತನೆಂದು ಬರೆದಿದೆಯಂತೆ. ನನ್ನ ಬೋಲ್ಟುಗಳನ್ನು ಬಿಚ್ಚುತ್ತ ಲಗಮಣ್ಣ ಇದನ್ನೆಲ್ಲ ಹೇಳಿದ.

ಈಗ ನಾನು ಗುಜರಿ ಅಂಗಳದ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಯಾರ ಸಾಲವೂ ಇಲ್ಲ. ಆದರೆ ಬೆಳಗಾದೊಡನೆ ಯಾರೋ ಒಬ್ಬ ಬಾಗಿ ನನ್ನೊಳಗೆ ಕೈ ಹಾಕುತ್ತಾನೆ, ಸಿಕ್ಕಿಕೊಂಡ ಚೂರನ್ನು ಹುಡುಕುತ್ತಾನೆ. ನನಗೆ ವಿದ್ಯುತ್ತಿಲ್ಲ, ಚಕ್ರವಿಲ್ಲ. ಆದರೂ ಅವನು ಹೋಗುವ ತನಕ ಸುತ್ತಿಗೆಯನ್ನು ಮೇಲೆಯೇ ಬಿಗಿಹಿಡಿದಿರುತ್ತೇನೆ. ತುಕ್ಕು ಏರುತ್ತಿದೆ. ಅದು ಬೇಗ ಏರಿ ಸುತ್ತಿಗೆಯನ್ನು ಅಲ್ಲಿಯೇ ಕಚ್ಚಿಕೊಳ್ಳಲಿ.